ಲಿಥಿಯಂ ಜಾಗಕ್ಕೆ ಸೋಡಿಯಂ ಬಂದರೆ ಏನೇನು ಬದಲಾಗುತ್ತದೆ?

ಪರ್ಯಾಯ ವಸ್ತು ಎಂದ ಕೂಡಲೇ ಒಂದನ್ನು ತೆಗೆದು ಅದೇ ಜಾಗದಲ್ಲಿ ಇನ್ನೊಂದನ್ನು ಇಡುವುದು ಎಂದುಕೊಳ್ಳುತ್ತೇವೆ. ಬ್ಯಾಟರಿಯ ವಿಷಯದಲ್ಲಿ ಅಷ್ಟಕ್ಕೆ ಮುಗಿಯುವುದಿಲ್ಲ. ಒಂದು ಬದಲಾದರೆ ಅದರ ನೆರೆಹೊರೆಯೂ ಬದಲಾಗಬೇಕಾಗುತ್ತದೆ.

ಸೋಡಿಯಂ ನೋಡಿ. ಭೂಮಿಯ ಹೊರಪದರದಲ್ಲಿ ಅದು ಲಿಥಿಯಂಗಿಂತ ಸಾವಿರ ಪಟ್ಟಿಗೂ ಹೆಚ್ಚಿದೆ. ಆವರ್ತ ಕೋಷ್ಟಕದಲ್ಲಿ ಲಿಥಿಯಂನ ಕೆಳಗಿನ ಮನೆಯಲ್ಲೇ ಇದೆ, ಹೊರಕವಚದಲ್ಲಿ ಇದಕ್ಕೂ ಒಂದೇ ಎಲೆಕ್ಟ್ರಾನ್. ಹಾಗಾದರೆ ಲಿಥಿಯಂ ಬ್ಯಾಟರಿಯ ಗ್ರಾಫೈಟ್ ಆನೋಡನ್ನು, ಅಂದರೆ ಅದರ ಋಣ ವಿದ್ಯುದ್ವಾರವನ್ನು, ಹಾಗೇ ಉಳಿಸಿಕೊಳ್ಳಬಹುದಲ್ಲವೇ? ಆಗುವುದಿಲ್ಲ. ಆರು ಇಂಗಾಲದ ಪರಮಾಣುಗಳಿಗೆ ಒಂದರಂತೆ ಲಿಥಿಯಂ ಗ್ರಾಫೈಟಿನ ಪದರಗಳ ನಡುವೆ ಸೇರಿಕೊಳ್ಳುತ್ತದೆ. ಸೋಡಿಯಂ ಹೆಚ್ಚುಕಡಿಮೆ ಸೇರುವುದೇ ಇಲ್ಲ.

"ಸೋಡಿಯಂ ಅಯಾನು ದೊಡ್ಡದು, ಅದಕ್ಕೇ" ಎಂದು ಉತ್ತರ ಬರೆದು ಮುಗಿಸಬೇಡಿ. ದೊಡ್ಡದು ನಿಜ: ಲಿಥಿಯಂ ಅಯಾನಿನ ತ್ರಿಜ್ಯ ಸುಮಾರು 76 ಪಿಕೊಮೀಟರ್, ಸೋಡಿಯಂನದು 102. ಆದರೆ 138 ಪಿಕೊಮೀಟರಿನ ಪೊಟ್ಯಾಸಿಯಂ ಅದೇ ಗ್ರಾಫೈಟಿನೊಳಗೆ ಹೋಗಿ ಕೂರುತ್ತದೆ! ಈ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ ಇದೇ. ಗಾತ್ರವೊಂದೇ ಕಾರಣವಲ್ಲ, ಸೋಡಿಯಂ ಮತ್ತು ಗ್ರಾಫೈಟ್ ಕೂಡಿ ಆಗಬೇಕಾದ ಸಂಯುಕ್ತ ಶಕ್ತಿಯ ಲೆಕ್ಕದಲ್ಲಿ ಸ್ಥಿರವಾಗಿ ನಿಲ್ಲುವುದಿಲ್ಲ. ಆದ್ದರಿಂದ ಹಾರ್ಡ್ ಕಾರ್ಬನ್ ಬೇಕಾಯಿತು. ಗ್ರಾಫೈಟ್ ನೀಟಾಗಿ ಜೋಡಿಸಿದ ಕಾಗದದ ಕಟ್ಟು ಎಂದುಕೊಂಡರೆ, ಹಾರ್ಡ್ ಕಾರ್ಬನ್ ಮುದುಡಿ ಹಾಕಿದ ಕಾಗದದ ರಾಶಿ. ಅದರ ಸಂದುಗಳಲ್ಲಿ, ಟೊಳ್ಳುಗಳಲ್ಲಿ ಸೋಡಿಯಂಗೆ ಜಾಗ ಸಿಗುತ್ತದೆ.

ಆನೋಡಿನ ಹಿಂದಿದ್ದು ವಿದ್ಯುತ್ತನ್ನು ಸಾಗಿಸುವ ಲೋಹದ ಹಾಳೆಯೂ ಬದಲಾಗುತ್ತದೆ. ಲಿಥಿಯಂ ಅಲ್ಲಿ ಅಲ್ಯೂಮಿನಿಯಂ ಜೊತೆ ಮಿಶ್ರಲೋಹವಾಗಿಬಿಡುವುದರಿಂದ ತಾಮ್ರದ ಹಾಳೆಯೇ ಬೇಕು. ಸೋಡಿಯಂ ಹಾಗೆ ಮಾಡುವುದಿಲ್ಲ. ಹಾಗಾಗಿ ಎರಡೂ ಕಡೆ ಅಗ್ಗದ, ಹಗುರವಾದ ಅಲ್ಯೂಮಿನಿಯಂ ಸಾಕು. ಇಷ್ಟಾದರೂ ತೂಕಕ್ಕೆ ಸಿಗುವ ಶಕ್ತಿ ಕಡಿಮೆಯೇ: ಸೋಡಿಯಂನ ಪರಮಾಣು ತೂಕ 23, ಲಿಥಿಯಂನದು 7, ಪ್ರಮಾಣಿತ ವಿದ್ಯುದ್ವಾರ ವಿಭವವೂ –3.04 ವೋಲ್ಟ್ ಬದಲು –2.71, ಅಂದರೆ ಬ್ಯಾಟರಿಯ ವೋಲ್ಟೇಜೂ ಕಡಿಮೆ. ಜೇಬಿನ ಫೋನಿಗಿಂತ, ಕದಲದೆ ಒಂದೆಡೆ ನಿಂತು ವಿದ್ಯುತ್ ಕೂಡಿಡುವ ಬ್ಯಾಟರಿಗೆ ಇದು ಹೆಚ್ಚು ಒಪ್ಪುತ್ತದೆ.

ಲಿಥಿಯಂ ಬ್ಯಾಟರಿಯ ಕ್ಯಾಥೋಡಿನಲ್ಲೂ, ಅಂದರೆ ಧನ ವಿದ್ಯುದ್ವಾರದಲ್ಲೂ, ಇದೇ ಕಥೆ; ಅಲ್ಲಿ ಬದಲಿಸಬೇಕಾದದ್ದು ಕೋಬಾಲ್ಟ್. 1980ರಲ್ಲಿ ವಿಜ್ಞಾನಿ ಜಾನ್ ಗುಡ್‌ಇನಫ್ ಅವರ ತಂಡ ಲಿಥಿಯಂ ಕೋಬಾಲ್ಟ್ ಆಕ್ಸೈಡನ್ನು ತೋರಿಸಿತು. 1991ರಲ್ಲಿ ಸೋನಿ ಅದನ್ನು ಬಳಸಿದ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಆದರೆ ಜಗತ್ತಿನ ಕೋಬಾಲ್ಟಿನ ಬಹುಪಾಲು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯವೊಂದರ ಗಣಿಗಳಿಂದಲೇ ಬರುತ್ತದೆ. 1997ರಲ್ಲಿ ಗುಡ್‌ಇನಫ್ ತಂಡವೇ ಕೋಬಾಲ್ಟ್ ಇಲ್ಲದ ಲಿಥಿಯಂ ಕಬ್ಬಿಣದ ಫಾಸ್ಫೇಟನ್ನು ಮುಂದಿಟ್ಟಿತು. ಅದರಲ್ಲಿ ರಂಜಕವು ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿಡುವುದರಿಂದ ಕಾವೇರಿದರೂ ಅದು ಸುಲಭಕ್ಕೆ ಬಿಡುಗಡೆಯಾಗುವುದಿಲ್ಲ, ಬೆಂಕಿಯ ಭಯ ಕಡಿಮೆ. ಆದರೆ ಈ ಪುಡಿ ವಿದ್ಯುತ್ತನ್ನು ಬಹಳ ಕೆಟ್ಟದಾಗಿ ಹರಿಸುತ್ತದೆ. ಕಣಗಳನ್ನು ತೀರಾ ಸಣ್ಣದು ಮಾಡಿ, ಅವಕ್ಕೆ ಇಂಗಾಲದ ತೆಳು ಲೇಪ ಕೊಟ್ಟ ಮೇಲೆ ಅದು ಕೆಲಸಕ್ಕೆ ಬಂತು.