ಸುತ್ತಲಿನದೆಲ್ಲ ನಿಧಾನ, ತುಟಿ ಮಾತ್ರ ಹಾಡಿನ ಲಯದಲ್ಲಿ: ಇದು ಹೇಗೆ?

ಪ್ರಶ್ನೆ: ಕೆಲವು ಸಂಗೀತ ವಿಡಿಯೊಗಳಲ್ಲಿ ಗಾಯಕಿಯ ಕೂದಲು, ಬಟ್ಟೆ, ಸುರಿಯುವ ಮಳೆ ಎಲ್ಲವೂ ನಿಧಾನಗತಿಯಲ್ಲಿರುತ್ತವೆ. ಆದರೂ ತುಟಿಗಳು ಹಾಡಿಗೆ ಸರಿಯಾಗಿ ಹೊಂದುತ್ತವೆ. ಮುಖವನ್ನು ಬೇರೆಯಾಗಿ ಚಿತ್ರಿಸಿ ಆಮೇಲೆ ಜೋಡಿಸುತ್ತಾರೆಯೇ?

ಉತ್ತರ: ಜೋಡಿಸುವ ಅಗತ್ಯವೇ ಇಲ್ಲ. ಇಡೀ ದೃಶ್ಯವನ್ನು ಒಂದೇ ಕ್ಯಾಮೆರಾದಲ್ಲಿ, ಒಂದೇ ಸಲಕ್ಕೆ ಚಿತ್ರಿಸಬಹುದು. ಬದಲಾಗುವುದು ಚಿತ್ರೀಕರಣದ ಹೊತ್ತಿನಲ್ಲಿ ಹಾಡನ್ನು ಕೇಳಿಸುವ ವೇಗ. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮ್‌ಗಳಂತೆ (ಅಂದರೆ ಬಿಡಿ ಚಿತ್ರಗಳಂತೆ) ಓಡಬೇಕಾದ ದೃಶ್ಯವನ್ನು 48 ಫ್ರೇಮ್‌ಗಳಂತೆ ಸೆರೆಹಿಡಿದರೆ, ಒಂದು ಸೆಕೆಂಡಿನ ಚಲನೆ ಎರಡು ಸೆಕೆಂಡುಗಳಷ್ಟು ಹಿಗ್ಗುತ್ತದೆ. ಅದಕ್ಕಾಗಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಕೇಳಿಸುತ್ತಾರೆ, ಗಾಯಕಿ ಆ ವೇಗಕ್ಕೇ ಹಾಡುತ್ತಾಳೆ. ಸಂಕಲನಕಾರರು ದೃಶ್ಯವನ್ನು 24 ಫ್ರೇಮ್‌ಗಳ ವೇಗಕ್ಕಿಳಿಸಿ ಮೂಲ ಹಾಡಿನೊಂದಿಗೆ ಕೂಡಿಸಿದಾಗ ತುಟಿಯ ಅವಸರ ಕಳೆದು ಅದು ಹಾಡಿನ ಲಯಕ್ಕೆ ಬರುತ್ತದೆ, ಸಹಜವಾಗಿ ನಡೆದ ಉಳಿದುದೆಲ್ಲ ಅರ್ಧ ವೇಗಕ್ಕೆ ಇಳಿಯುತ್ತದೆ. 60 ಫ್ರೇಮ್‌ಗಳಲ್ಲಿ ಚಿತ್ರಿಸುವುದಾದರೆ ಹಾಡಿನ ವೇಗ ಎರಡೂವರೆ ಪಟ್ಟಾಗಬೇಕು.

ಲೆಕ್ಕ ಸುಲಭ, ಭಾರವೆಲ್ಲ ಬೀಳುವುದು ಹಾಡುವವರ ಮೇಲೆ. ನಿಧಾನಗತಿಯಲ್ಲಿ ಗಂಟಲಿನ ಸೆಳೆತ, ಉಸಿರಿಗೆ ಏರುವ ಎದೆ ಎಲ್ಲವೂ ಎದ್ದು ಕಾಣುವುದರಿಂದ ಬರಿಯ ತುಟಿಯಾಡಿಸಿದರೆ ಸಾಲದು, ದನಿಯೆತ್ತಿ ಹಾಡಬೇಕು. ಅದಕ್ಕಿಂತ ಕಠಿಣವಾದದ್ದು, ಬಾಯಿ ಓಡುತ್ತಿರುವಾಗ ಕಣ್ಣು, ಕೈ, ನಡಿಗೆಗಳನ್ನು ಶಾಂತವಾಗಿ ಇಟ್ಟುಕೊಳ್ಳುವುದು. ದೇಹವೂ ಹಾಡಿನ ವೇಗಕ್ಕೆ ಸಿಕ್ಕಿ ಅವಸರಪಟ್ಟರೆ ತೆರೆಯ ಮೇಲೆ ಎಲ್ಲವೂ ಸಾಧಾರಣ ವೇಗದಂತೆಯೇ ಕಂಡು, ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಈ ತಂತ್ರದಲ್ಲಿ ಕ್ಯಾಮೆರಾಕ್ಕಿಂತ ಕಲಾವಿದರ ಅಭ್ಯಾಸಕ್ಕೇ ಹೆಚ್ಚಿನ ಮನ್ನಣೆ ಸಲ್ಲಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಡ್ರಮ್ ನುಡಿಸುವವರ ಪಾಡಂತೂ ಇನ್ನೂ ಕಷ್ಟ: ನಿಮಿಷಕ್ಕೆ 120 ಪೆಟ್ಟುಗಳ ಹಾಡಿಗೆ ಅವರು 240ರ ವೇಗದಲ್ಲಿ ನುಡಿಸಬೇಕಾಗುತ್ತದೆ. ಆದ್ದರಿಂದ ವಾದ್ಯದ ದೃಶ್ಯಗಳನ್ನು ಸಾಧಾರಣ ವೇಗದಲ್ಲೇ ಚಿತ್ರಿಸುವುದು ಲೇಸು. ಒಂದಕ್ಷರದ ಬೆನ್ನಿಗೇ ಇನ್ನೊಂದು ಬರುವ ರ‍್ಯಾಪ್‌ಗಿಂತ, ಸ್ವರಗಳನ್ನು ಎಳೆದು ಹಾಡುವ ಸಾಲುಗಳಿಗೆ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ.

ಛಾಯಾಗ್ರಾಹಕರಿಗೂ ಒಂದು ತೊಡಕಿದೆ. ಫ್ರೇಮ್‌ಗಳು ಇಮ್ಮಡಿಯಾದಾಗ ಪ್ರತಿ ಫ್ರೇಮ್‌ಗೆ ಸಿಗುವ ಬೆಳಕಿನ ಅವಧಿ ಸಾಮಾನ್ಯವಾಗಿ ಅರ್ಧಕ್ಕಿಳಿಯುವುದರಿಂದ ಎರಡು ಪಟ್ಟು ಬೆಳಕು ಬೇಕಾಗುತ್ತದೆ.

ಇದನ್ನೇ ತಿರುಗಿಸಿ, 12 ಫ್ರೇಮ್‌ಗಳಲ್ಲಿ ಚಿತ್ರಿಸುತ್ತ ಹಾಡನ್ನು ಅರ್ಧ ವೇಗದಲ್ಲಿ ಕೇಳಿಸಿದರೆ, ಸುತ್ತಲಿನ ಜನ ಧಾವಿಸುತ್ತಿರುವಾಗ ಗಾಯಕಿ ಮಾತ್ರ ಸಮಾಧಾನದಿಂದ ಹಾಡುತ್ತಿರುವಂತೆ ಕಾಣುತ್ತದೆ.

ಸಾಧಾರಣ ವೇಗದಲ್ಲಿ ಚಿತ್ರಿಸಿ ಸಂಕಲನದಲ್ಲಿ ನಿಧಾನಗೊಳಿಸಿದರೆ ಆಗದೇ ಎಂದೂ ಕೆಲವರು ಕೇಳುತ್ತಾರೆ. ಆಗ ತುಟಿಯೂ ನಿಧಾನವಾಗಿ ಹಾಡಿನಿಂದ ಹಿಂದೆ ಬೀಳುತ್ತದೆ. ಇರುವ ಫ್ರೇಮ್‌ಗಳನ್ನೇ ಮತ್ತೆ ತೋರಿಸಬೇಕಾಗಿ ಬಂದು ಚಲನೆ ತಡವರಿಸಿದಂತೆಯೂ ಕಾಣುತ್ತದೆ. ಆದಕಾರಣ ಯಾವ ಸಾಲು ನಿಧಾನಗತಿಯಲ್ಲಿರಬೇಕೆಂಬುದನ್ನು ಚಿತ್ರೀಕರಣಕ್ಕೆ ಮುಂಚೆಯೇ ನಿರ್ಧರಿಸಿ, ವೇಗ ಹೆಚ್ಚಿಸಿದ ಹಾಡಿನ ಪ್ರತಿಯನ್ನು ಕಲಾವಿದರಿಗೆ ಅಭ್ಯಾಸಕ್ಕೆಂದು ಮೊದಲೇ ಕೊಟ್ಟಿರಬೇಕು.