ಪೆನ್ನಿ ಹರಾಜು: ಬಿಡ್ ಹಾಕುವವರ ಲೆಕ್ಕ

ಅಂಗಡಿಯಲ್ಲಿ 400 ಡಾಲರ್ ಬೆಲೆಯ ಟ್ಯಾಬ್ಲೆಟ್ ಹರಾಜಿನಲ್ಲಿ 23 ಡಾಲರ್ 40 ಸೆಂಟ್‌ಗೆ ಹೋಯಿತು ಅನ್ನೋ ಜಾಹೀರಾತು ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಆದರೆ ಅದು ಸುಳ್ಳೇ ಆಗಿರಬೇಕು ಅಂತೇನಿಲ್ಲ. ಇಂಟರ್ನೆಟ್ ತಾಣಗಳಲ್ಲಿ ನಡೆಯುವ ಪೆನ್ನಿ ಹರಾಜಿನಲ್ಲಿ ಇಂಥ ಬೆಲೆ ನಿಜವಾಗಿಯೂ ಬರುತ್ತದೆ. ಆ ಬೆಲೆ ಬರುವಷ್ಟರಲ್ಲಿ ಯಾರ್ಯಾರ ಜೇಬಿನಿಂದ ಎಷ್ಟೆಷ್ಟು ಹೋಗಿದೆ ಅನ್ನೋದನ್ನು ಮಾತ್ರ ಜಾಹೀರಾತು ಹೇಳುವುದಿಲ್ಲ.

ಮಾಮೂಲಿ ಹರಾಜಿನಲ್ಲಿ ಕೂಗುವುದಕ್ಕೆ ಕಾಸು ಕೊಡಬೇಕಿಲ್ಲ. ಗೆದ್ದವರು ದುಡ್ಡು ಕೊಡುತ್ತಾರೆ, ಸೋತವರು ಕೈ ಬೀಸಿಕೊಂಡು ಹೋಗುತ್ತಾರೆ. ಇಲ್ಲಿ ಹಾಗಲ್ಲ. ಮೊದಲು ಬಿಡ್‌ಗಳನ್ನೇ, ಅಂದರೆ ಕೂಗುವ ಅವಕಾಶಗಳನ್ನೇ ಕೊಂಡುಕೊಳ್ಳಬೇಕು. ಪ್ಯಾಕ್ ಲೆಕ್ಕದಲ್ಲಿ ಮಾರುತ್ತಾರೆ. ಅಮೆರಿಕದ ಹಲವು ತಾಣಗಳಲ್ಲಿ ಒಂದು ಬಿಡ್‌ಗೆ 60 ಸೆಂಟ್ ಆಸುಪಾಸಿನ ದರ ಇತ್ತು. ಒಂದು ಬಿಡ್ ಹಾಕಿದರೆ ವಸ್ತುವಿನ ಬೆಲೆ ಒಂದೇ ಸೆಂಟ್ ಏರುತ್ತದೆ. ಹೆಸರು ಬಂದದ್ದೂ ಅದಕ್ಕೇ, ಅಮೆರಿಕದಲ್ಲಿ ಒಂದು ಸೆಂಟ್ ನಾಣ್ಯಕ್ಕೆ ಪೆನ್ನಿ ಅಂತಾರೆ. ಹಾಕಿದ ಬಿಡ್ ವಾಪಸ್ ಬರುವುದಿಲ್ಲ, ಗೆದ್ದರೂ ಅಷ್ಟೇ, ಸೋತರೂ ಅಷ್ಟೇ.

ಈಗ ಆ ಟ್ಯಾಬ್ಲೆಟ್ ಲೆಕ್ಕ ಹಾಕಿ ನೋಡಿ. ಬೆಲೆ ಸೊನ್ನೆಯಿಂದ ಶುರುವಾಗಿ 23 ಡಾಲರ್ 40 ಸೆಂಟ್ ಮುಟ್ಟಬೇಕಾದರೆ 2,340 ಬಿಡ್ ಬಿದ್ದಿರಬೇಕು. ತಲಾ 60 ಸೆಂಟ್ ಅಂದರೆ 1,404 ಡಾಲರ್. ಗೆದ್ದವರು ಕೊಡುವ 23 ಡಾಲರ್ 40 ಸೆಂಟ್ ಸೇರಿದರೆ ತಾಣಕ್ಕೆ ಬಂದದ್ದು 1,427 ಡಾಲರ್ 40 ಸೆಂಟ್. ವಸ್ತುವಿನ ಬೆಲೆ 400. ಗೆದ್ದವರು 300 ಬಿಡ್ ಹಾಕಿದ್ದರು ಅಂತಿಟ್ಟುಕೊಳ್ಳಿ, ಅವರಿಗೆ ಒಟ್ಟು ಬಿದ್ದದ್ದು 203 ಡಾಲರ್ 40 ಸೆಂಟ್. ಲಾಭವೇ ಆಯಿತು, ಆದರೆ ಜಾಹೀರಾತಿನಲ್ಲಿ ಹೇಳಿದಷ್ಟಲ್ಲ. ಉಳಿದವರು ಹಾಕಿದ 2,040 ಬಿಡ್‌ಗಳ 1,224 ಡಾಲರ್‌ಗೆ ಅವರಿಗೆ ಸಿಕ್ಕಿದ್ದು ಏನೂ ಇಲ್ಲ. ಪರದೆಯ ಮೇಲೆ ಕಾಣುವ ಬೆಲೆಯನ್ನು ನಾನು ಬೆಲೆ ಅಂತ ಓದುವುದೇ ಇಲ್ಲ. ಎಷ್ಟು ಬಿಡ್ ಬಿದ್ದಿದೆ ಅಂತ ತೋರಿಸುವ ಮೀಟರ್ ಅದು, ಅಷ್ಟೇ.

ಆಟದ ಜೀವ ಇರುವುದು ಗಡಿಯಾರದಲ್ಲಿ. ಪ್ರತಿ ಹರಾಜಿನ ಪಕ್ಕದಲ್ಲೂ ಸಮಯ ಇಳಿಯುತ್ತಿರುತ್ತದೆ. ಕೊನೆಯ ಘಟ್ಟಕ್ಕೆ ಬಂದ ಮೇಲೆ ಯಾರು ಬಿಡ್ ಹಾಕಿದರೂ ಗಡಿಯಾರ ಮತ್ತೆ 10, 15 ಅಥವಾ 20 ಸೆಕೆಂಡಿಗೆ ಹಾರುತ್ತದೆ. ಅದು ಸೊನ್ನೆ ಮುಟ್ಟಿದಾಗ ಯಾರ ಹೆಸರಿದೆಯೋ ಅವರಿಗೆ ವಸ್ತು. ಹರಾಜು ಕೂಗುವವನು ‘ಒಂದು ಸಾರಿ, ಎರಡು ಸಾರಿ’ ಅಂದು, ‘ಮೂರು ಸಾರಿ’ ಅನ್ನುವ ಮೊದಲೇ ಪ್ರತಿ ಸಲವೂ ಯಾರೋ ಒಬ್ಬರು ಕೈ ಎತ್ತಿದಂತೆ.

ನೋಡುತ್ತಾ ಕೂತರೆ ಇದರ ಸೆಳೆತ ಅರ್ಥವಾಗುತ್ತದೆ. ನಾಲ್ಕು, ಮೂರು, ಎರಡು... ನಿಮ್ಮ ಹೆಸರೇ ಮೇಲಿದೆ. ಒಂದು ಅನ್ನುವಷ್ಟರಲ್ಲಿ ಬೆಲೆ ಒಂದು ಸೆಂಟ್ ಏರಿ, ಬೇರೆಯವರ ಹೆಸರು ಬಂದು, ಗಡಿಯಾರ ಮತ್ತೆ ಹತ್ತಕ್ಕೆ ನಿಂತಿರುತ್ತದೆ. ಅಯ್ಯೋ, ಇನ್ನೊಂದೇ ಒಂದು ಸೆಕೆಂಡ್ ಇತ್ತಲ್ಲ ಅನ್ನಿಸುತ್ತದೆ. ಆದರೆ ಎಲ್ಲರೂ ಬೇಕಂತಲೇ ಕೊನೆಯ ಸೆಕೆಂಡಿನವರೆಗೆ ಕಾಯುತ್ತಾರೆ. ಬೇರೆ ಯಾರಾದರೂ ಹಾಕಿದರೆ ತಮ್ಮ ಬಿಡ್ ಉಳಿಯುತ್ತದಲ್ಲ. ಹಾಗಾಗಿ ಒಂದು ಸೆಕೆಂಡ್ ಉಳಿದಿತ್ತು ಅನ್ನೋದಕ್ಕೆ ಇಲ್ಲಿ ವಿಶೇಷ ಅರ್ಥವಿಲ್ಲ. ಪ್ರತಿ ಸಲವೂ ಅಷ್ಟೇ ಉಳಿದಿರುತ್ತದೆ.

ರಾತ್ರಿಯೆಲ್ಲ ಯಾರು ಕಾಯುತ್ತಾರೆ ಅಂತ ತಾಣಗಳು ಆಟೋ ಬಿಡ್ ಸೌಲಭ್ಯ ಕೊಡುತ್ತವೆ. ಇಷ್ಟು ಬಿಡ್‌ವರೆಗೆ ನೀನೇ ಹಾಕು ಅಂತ ಹೇಳಿಟ್ಟರೆ ಸಾಫ್ಟ್‌ವೇರ್ ಹಾಕುತ್ತಾ ಹೋಗುತ್ತದೆ. ಅನುಕೂಲವೇನೋ ಹೌದು. ಆದರೆ ಒಂದೇ ಹರಾಜಿನಲ್ಲಿ ಇಬ್ಬರು ಆಟೋ ಬಿಡ್ ಹಚ್ಚಿಟ್ಟರೆ ಎರಡು ಯಂತ್ರಗಳು ಎದುರುಬದುರು ಕೂತು ಒಂದರ ಮೇಲೊಂದು ಹಾಕುತ್ತವೆ. ತಲಾ 40 ಬಿಡ್ ಇಟ್ಟಿದ್ದರೆ ನೀವು ಎದ್ದು ನೀರು ಕುಡಿದು ಬರುವಷ್ಟರಲ್ಲಿ ನಿಮ್ಮ 24 ಡಾಲರ್ ಖಾಲಿಯಾಗಿರಬಹುದು. ಬೆಲೆ ಏರಿದ್ದು ಬರೀ 80 ಸೆಂಟ್.

ಅಂದರೆ 60 ಸೆಂಟ್ ಕೊಟ್ಟು ಕೊಳ್ಳುವುದು ಏನನ್ನು? ವಸ್ತುವಿನ ಒಂದು ಪಾಲನ್ನಂತೂ ಅಲ್ಲ. ಮುಂದಿನ ಹತ್ತು ಸೆಕೆಂಡ್ ಯಾರೂ ಬಿಡ್ ಹಾಕದೇ ಇರಲಿ ಅನ್ನೋ ಒಂದು ಅವಕಾಶವನ್ನು. ನೀವು ಆಗಲೇ 200 ಬಿಡ್ ಹಾಕಿದ್ದೀರಾ, ಈಗಷ್ಟೇ ಬಂದಿದ್ದೀರಾ ಅನ್ನೋದು ಗಡಿಯಾರಕ್ಕೆ ಗೊತ್ತಿಲ್ಲ. ಆದರೆ ಮನಸ್ಸಿಗೆ ಚೆನ್ನಾಗಿ ಗೊತ್ತು. ಇಷ್ಟು ಹಾಕಿದ್ದೀನಿ, ಈಗ ಬಿಟ್ಟರೆ ಅದೆಲ್ಲ ನೀರುಪಾಲು ಅನ್ನಿಸುತ್ತದೆ. ನೀರುಪಾಲಾಗಿದ್ದು ಆಗಲೇ ಆಗಿಹೋಗಿದೆ, ಮುಂದೆ ಹಾಕಿದರೂ ಅದು ವಾಪಸ್ ಬರಲ್ಲ.

ಅರ್ಥಶಾಸ್ತ್ರಜ್ಞರಿಗೆ ಈ ಗುಣ ಹೊಸದಲ್ಲ. 1971ರಲ್ಲಿ ಮಾರ್ಟಿನ್ ಶುಬಿಕ್ ಒಂದು ಡಾಲರ್ ನೋಟನ್ನು ಹರಾಜಿಗಿಡುವ ಆಟದ ಬಗ್ಗೆ ಬರೆದರು. ಅತಿ ಹೆಚ್ಚು ಕೂಗಿದವರಿಗೆ ನೋಟು, ಆದರೆ ಎರಡನೆಯವರೂ ತಾವು ಕೂಗಿದಷ್ಟು ಕೊಡಬೇಕು. ಸೋಲು ತಪ್ಪಿಸಿಕೊಳ್ಳಲು ಇಬ್ಬರೂ ಏರಿಸುತ್ತಾ ಹೋಗಿ, ಒಂದು ಡಾಲರ್‌ಗೆ ಒಂದು ಡಾಲರ್‌ಗಿಂತ ಜಾಸ್ತಿ ಕೂಗುತ್ತಾರೆ. ಪೆನ್ನಿ ಹರಾಜಿನಲ್ಲಿ ಎರಡನೆಯವರಷ್ಟೇ ಅಲ್ಲ, ಬಿಡ್ ಹಾಕಿದ ಪ್ರತಿಯೊಬ್ಬರೂ ಕೊಟ್ಟಾಗಿರುತ್ತದೆ.

ಈ ವ್ಯವಹಾರವನ್ನು ದೊಡ್ಡದಾಗಿ ಮಾಡಿದ್ದು ಸ್ವೂಪೋ ಅನ್ನೋ ತಾಣ. 2005ರಲ್ಲಿ ಜರ್ಮನಿಯಲ್ಲಿ ಟೆಲಿಬಿಡ್ ಅನ್ನೋ ಹೆಸರಿನಲ್ಲಿ ಶುರುವಾಗಿ, ಹೆಸರು ಬದಲಿಸಿಕೊಂಡು ಬೇರೆ ದೇಶಗಳಿಗೂ ಹೋಗಿ, 2011ರಲ್ಲಿ ಮುಚ್ಚಿತು. ಅದರ ಲಕ್ಷಕ್ಕೂ ಹೆಚ್ಚು ಹರಾಜುಗಳ ದಾಖಲೆ ಹಿಡಿದು ಅರ್ಥಶಾಸ್ತ್ರಜ್ಞ ನೆಡ್ ಆಗೆನ್‌ಬ್ಲಿಕ್ ಮಾಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಒಂದು ಹರಾಜಿನಲ್ಲಿ ಹೆಚ್ಚು ಸುರಿದವರು ಅಷ್ಟು ಸುಲಭವಾಗಿ ಎದ್ದು ಹೋಗುವುದಿಲ್ಲ ಅನ್ನೋದು ಅದರಲ್ಲಿ ಕಂಡಿತು. ತಾಣದ ಲಾಭದ ಪ್ರಮಾಣ ಶೇ. 50ಕ್ಕೂ ಮೇಲಿತ್ತು.

ಜೂಜಾ ಇದು? ಕೌಶಲದ ಆಟ ಅಂತ ತಾಣಗಳು ವಾದಿಸುತ್ತವೆ. ಪಳಗಿದವರು ಹೊಸಬರಿಗಿಂತ ಚೆನ್ನಾಗಿ ಆಡುತ್ತಾರೆ ಅನ್ನೋದು ನಿಜ. ಆದರೆ ಅವರು ಗೆಲ್ಲುವುದು ಹೊಸಬರ ಬಿಡ್‌ಗಳ ಖರ್ಚಿನಲ್ಲಿ. ಅದಕ್ಕೇ ಕೆಲವು ತಾಣಗಳು ಹೊಸಬರಿಗೆ ಬೇರೆ ಹರಾಜು ಇಡುತ್ತವೆ, ಒಬ್ಬರು ತಿಂಗಳಿಗೆ ಇಷ್ಟೇ ಗೆಲ್ಲಬಹುದು ಅಂತ ಮಿತಿಯನ್ನೂ ಹಾಕುತ್ತವೆ. ಹೊಸಬರು ಬೇಸತ್ತು ಹೋದರೆ ಅಂಗಡಿಯೇ ನಡೆಯಲ್ಲ. ಮೋಸದ ತಾಣಗಳ ಕಥೆ ಬೇರೆ: ಅಲ್ಲಿ ಎದುರಿಗೆ ಬಿಡ್ ಹಾಕುತ್ತಿರುವುದು ತಾಣದವರದೇ ಸಾಫ್ಟ್‌ವೇರ್ ಆಗಿರಬಹುದು. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಈ ಬಗ್ಗೆ ಗ್ರಾಹಕರನ್ನು ಎಚ್ಚರಿಸಿದೆ.

ಕೆಲವು ತಾಣಗಳಲ್ಲಿ ಸೋತವರಿಗೆ ಒಂದು ದಾರಿ ಇರುತ್ತದೆ: ‘ಬೈ ಇಟ್ ನೌ’, ಅಂದರೆ ಈಗಲೇ ಕೊಂಡುಕೊಳ್ಳಿ. ಹಾಕಿದ ಬಿಡ್‌ಗಳ ಮೊತ್ತ ಕಳೆದು ಉಳಿದದ್ದು ಕೊಟ್ಟರೆ ವಸ್ತು ಸಿಗುತ್ತದೆ. 150 ಬಿಡ್ ಅಂದರೆ 90 ಡಾಲರ್ ಹಾಕಿದ್ದರೆ, ಆ ಟ್ಯಾಬ್ಲೆಟ್‌ಗೆ ಇನ್ನು 310 ಕೊಡಬೇಕು. ಹಣ ಪೂರ್ತಿ ಮುಳುಗುವುದಿಲ್ಲ, ಆದರೆ ಅಗ್ಗಕ್ಕೆ ಅಂತ ಬಂದವರು ಪೂರ್ತಿ ಬೆಲೆ ಕೊಟ್ಟು ಹೋಗುತ್ತಾರೆ. ಇಲ್ಲಿ ನೋಡಬೇಕಾದ ವಿಷಯ ಆ 400 ಅನ್ನು ತೀರ್ಮಾನಿಸಿದವರು ಯಾರು ಅನ್ನೋದು. ತಾಣದವರು ಬರೆದ ಬೆಲೆ ಅದು. ಅದೇ ಮಾಡೆಲ್ ಬೇರೆ ಅಂಗಡಿಗಳಲ್ಲಿ 330ಕ್ಕೆ ಸಿಗುತ್ತಿದ್ದರೆ, ಬಿಡ್‌ಗಳ ಹಣವೂ ಸೇರಿ ಒಟ್ಟು 70 ಜಾಸ್ತಿ ಕೊಟ್ಟಂತಾಯಿತು. ಸಾಗಣೆ ಖರ್ಚು ಬೇರೆ. ಕೆಲವು ಕಡೆ ಉಚಿತವಾಗಿ ಬಂದ ಬಿಡ್‌ಗಳು ಈ ಲೆಕ್ಕಕ್ಕೆ ಸೇರುವುದಿಲ್ಲ, ಕೊಳ್ಳಲು ಗಡುವೂ ಇರುತ್ತದೆ. ಬಳಸದೆ ಉಳಿದ ಬಿಡ್‌ಗೆ ಹಣ ವಾಪಸ್ ಕೊಡುತ್ತಾರಾ ಅನ್ನೋದನ್ನು ಪ್ಯಾಕ್ ಕೊಳ್ಳುವ ಮೊದಲೇ ನಿಯಮಗಳಲ್ಲಿ ಓದಿಕೊಳ್ಳಬೇಕು.