ಅಟ್ಟದ ಮೇಲಿನ ಡಬ್ಬಾ ಟಿವಿಯೋ, 43 ಇಂಚಿನ ಸ್ಮಾರ್ಟ್ ಟಿವಿಯೋ: ಆರ್ಕೇಡ್ ಕ್ಯಾಬಿನೆಟ್‌ಗೆ ಯಾವುದು ಸರಿ?

ಪ್ರಶ್ನೆ: ತುಮಕೂರಿನ ಶಿರಾ ಗೇಟ್ ಹತ್ತಿರ ನಮ್ಮ ಮನೆ. ಬಡಗಿಯವರಿಂದ 18 ಎಂಎಂ ಪ್ಲೈವುಡ್‌ನಲ್ಲಿ ನಿಂತು ಆಡುವಂಥ ಆರ್ಕೇಡ್ ಕ್ಯಾಬಿನೆಟ್ (ಹಿಂದೆ ವಿಡಿಯೋ ಗೇಮ್ ಪಾರ್ಲರ್‌ಗಳಲ್ಲಿದ್ದಂಥ ಆಟದ ಪೆಟ್ಟಿಗೆ) ಮಾಡಿಸುತ್ತಿದ್ದೇನೆ. ಒಳಗೆ ಆಟ ಓಡಿಸಲು ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಇರುತ್ತದೆ. ಅಟ್ಟದ ಮೇಲೆ 21 ಇಂಚಿನ ಹಳೇ ಡಬ್ಬಾ ಟಿವಿ ಇದೆ, ಇನ್ನೂ ಓಡುತ್ತದೆ. ಅಂಗಡಿಯವರು ಮಾತ್ರ 43 ಇಂಚಿನ ಸ್ಮಾರ್ಟ್ ಟಿವಿ ಹಾಕಿಸಿ ಅನ್ನುತ್ತಾರೆ. ಯಾವುದನ್ನು ತೆಗೆದುಕೊಳ್ಳಲಿ?

ಉತ್ತರ: 43 ಇಂಚಂತೂ ಬೇಡ. ಬಗೆಬಗೆಯ ಆಟ ಆಡುವವರಿಗೆ 32 ಇಂಚಿನ, ಗೇಮ್ ಮೋಡ್ (ಚಿತ್ರ ತಡವಾಗದಂತೆ ಮಾಡುವ ಸೆಟ್ಟಿಂಗ್) ಇರುವ, ಫುಲ್ ಎಚ್‌ಡಿ ಟಿವಿ ಸಾಕು. ಬರೀ ಎಂಬತ್ತರ ದಶಕದ ಉದ್ದ ಪರದೆಯ ಆಟಗಳೇ ಇಷ್ಟವಾದರೆ ಟಿವಿಯೇ ಬೇಕಿಲ್ಲ, 24 ಇಂಚಿನ ಕಂಪ್ಯೂಟರ್ ಮಾನಿಟರ್ ಒಂದನ್ನು ತಿರುಗಿಸಿ ನಿಲ್ಲಿಸಿದರಾಯಿತು. ಡಬ್ಬಾ ಟಿವಿಯ ವಿಷಯಕ್ಕೆ ಆಮೇಲೆ ಬರೋಣ.

ಟಿವಿಯ ಇಂಚು ಕೋನದಿಂದ ಕೋನಕ್ಕೆ ಅಳೆದ ಲೆಕ್ಕ. ಹಳೆಯ ಆರ್ಕೇಡ್ ಆಟಗಳ ಚಿತ್ರ 4:3 ಅಳತೆಯದ್ದು, ಈಗಿನ ಟಿವಿ 16:9. ಹೀಗಾಗಿ ಆಟ ಎಷ್ಟು ದೊಡ್ಡದಾಗಿ ಕಾಣುತ್ತದೆ ಎನ್ನುವುದು ಪರದೆಯ ಎತ್ತರದ ಮೇಲೆ ನಿಂತಿದೆ, ಅಗಲ ಲೆಕ್ಕಕ್ಕಿಲ್ಲ. 32 ಇಂಚಿನ ಪರದೆ ಸುಮಾರು 71 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರ. 1991ರ ಸ್ಟ್ರೀಟ್ ಫೈಟರ್ 2 ಆಗಲಿ, ನಮ್ಮ ಕಡೆ ಹುಡುಗರೆಲ್ಲ ‘ಮುಸ್ತಫಾ’ ಎಂದೇ ಕರೆಯುತ್ತಿದ್ದ 1993ರ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ಆಗಲಿ, ಅದರಲ್ಲಿ 53 ಸೆಂ.ಮೀ. ಅಗಲಕ್ಕೆ ಬರುತ್ತದೆ, ಎರಡೂ ಪಕ್ಕ ಒಂಬತ್ತೊಂಬತ್ತು ಸೆಂ.ಮೀ. ಕಪ್ಪು ಉಳಿಯುತ್ತದೆ. ಎಂದರೆ 26 ಇಂಚಿನ 4:3 ಟಿವಿಗೆ ಸಮ. ನಿಂತು ಆಡುವಾಗ ಕಣ್ಣಿಗೂ ಪರದೆಗೂ ಅರ್ಧ ಮೀಟರ್‌ಗಿಂತ ಸ್ವಲ್ಪ ಹೆಚ್ಚು ದೂರ ಅಷ್ಟೇ. 43 ಇಂಚಿನಲ್ಲಿ ಅದೇ ಚಿತ್ರ 71 ಸೆಂ.ಮೀ. ಅಗಲವಾಗುತ್ತದೆ. ಎದುರಾಳಿಯನ್ನು ನೋಡಿದರೆ ಸ್ಕೋರು ಕಾಣುವುದಿಲ್ಲ, ಕತ್ತು ತಿರುಗಿಸುತ್ತಲೇ ಇರಬೇಕು. ಮೇಲಾಗಿ ಕ್ಯಾಬಿನೆಟ್ ಬೀರುವಿನಷ್ಟು ಅಗಲವಾಗಿ ಕೂರುತ್ತದೆ.

ಪ್ಯಾಕ್-ಮ್ಯಾನ್ (1980), ಡಾಂಕಿ ಕಾಂಗ್ (1981), ‘1942’ ಎಂಬ ಹೆಸರಿನ ಆಟ (1984) ಇವುಗಳ ಕಥೆ ಬೇರೆ. ಇವಕ್ಕೆ ಮೂಲ ಯಂತ್ರದಲ್ಲೇ ಮಾನಿಟರನ್ನು ಅಡ್ಡಕ್ಕಲ್ಲ, ಉದ್ದಕ್ಕೆ ನಿಲ್ಲಿಸುತ್ತಿದ್ದರು. ಅಡ್ಡ ಇಟ್ಟ 32 ಇಂಚಿನ ಟಿವಿಯಲ್ಲಿ ಇವು 40 ಸೆಂ.ಮೀ. ಎತ್ತರ, 30 ಸೆಂ.ಮೀ. ಅಗಲಕ್ಕೆ ಕುಗ್ಗುತ್ತವೆ. 24 ಇಂಚಿನ ಮಾನಿಟರನ್ನು ತಿರುಗಿಸಿ ನಿಲ್ಲಿಸಿದರೂ ಬರುವುದು ಇದೇ ಅಳತೆ, ಒಂದು ಸೆಂಟಿಮೀಟರ್ ಕಡಿಮೆಯಿಲ್ಲ. ಕ್ಯಾಬಿನೆಟ್ ಮಾತ್ರ ಅರ್ಧಕ್ಕರ್ಧ ತೆಳ್ಳಗಾಗುತ್ತದೆ. ಇಂಥ ಆಟಗಳ ಮೇಲೇ ಮನಸ್ಸಿದ್ದರೆ ಎರಡನೇ ಯೋಚನೆ ಬೇಡ. ತಿರುಗಿಸುವ ಪರದೆ ಐಪಿಎಸ್ ಪ್ಯಾನೆಲ್‌ನದ್ದೇ ಆಗಿರಲಿ. ಅಗ್ಗದ ಟಿಎನ್ ಪ್ಯಾನೆಲ್ ತಿರುಗಿಸಿದರೆ ಎಡಗಣ್ಣಿಗೊಂದು ಬಣ್ಣ, ಬಲಗಣ್ಣಿಗೊಂದು ಬಣ್ಣ ಕಾಣುತ್ತದೆ.

ಇನ್ನು ರೆಸಲ್ಯೂಷನ್. 32 ಇಂಚಿನಲ್ಲಿ ಅಗ್ಗಕ್ಕೆ ಸಿಗುವ ‘ಎಚ್‌ಡಿ ರೆಡಿ’ ಪ್ಯಾನೆಲ್ ಬಹುಪಾಲು 1366×768. ಪೈ ಕಳಿಸುವುದು 720 ಅಥವಾ 1080 ಗೆರೆ. ಟಿವಿ ಅದನ್ನು 768ಕ್ಕೆ ಎಳೆದೋ ಹಿಂಡಿಯೋ ತೋರಿಸುತ್ತದೆ, ಚುಕ್ಕಿಗಳ ಅಂಚು ಕಲಸಿಹೋಗುತ್ತದೆ. ಹಳೆಯ ಟಿವಿಯಂತೆ ಕಾಣಲೆಂದು ಚಿತ್ರದ ಮೇಲೆ ಕಪ್ಪು ಗೆರೆ ಎಳೆಯುವ ಸ್ಕ್ಯಾನ್‌ಲೈನ್ ಫಿಲ್ಟರ್ ಹಾಕಿದರಂತೂ ದಪ್ಪ ಪಟ್ಟೆ, ಸಣ್ಣ ಪಟ್ಟೆ ಎಂದು ಅಡ್ಡಾದಿಡ್ಡಿ. 1080 ಇದ್ದರೆ ಸ್ಟ್ರೀಟ್ ಫೈಟರ್‌ನ 224 ಗೆರೆಗಳನ್ನು ಸರಿಯಾಗಿ ನಾಲ್ಕು ಪಟ್ಟು ಮಾಡಿ 896ರಲ್ಲಿ ತೋರಿಸಬಹುದು. ಟಿವಿ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಎಂದಿರುವುದನ್ನು ಆನ್ ಮಾಡಿ, ಇಲ್ಲವಾದರೆ ಚಿತ್ರದ ಅಂಚು ಫ್ರೇಮಿನಾಚೆ ಹೋಗುತ್ತದೆ. ಶಾರ್ಪ್‌ನೆಸ್ ಇಳಿಸಿ, ನಾಯ್ಸ್ ರಿಡಕ್ಷನ್, ಮೋಷನ್ ಸ್ಮೂದಿಂಗ್ ಎರಡೂ ಆಫ್ ಇರಲಿ.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ್ದು ಲ್ಯಾಗ್ ಬಗ್ಗೆ. ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಜಿಗಿತ ಕಾಣುವುದಕ್ಕೂ ನಡುವಿನ ವಿಳಂಬ ಇದು. 60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡು. ಚಿತ್ರವನ್ನು ಅಂದಗೊಳಿಸಲೆಂದು ಟಿವಿ ಮೂರು ನಾಲ್ಕು ಫ್ರೇಮ್ ಹಿಡಿದಿಟ್ಟುಕೊಂಡರೆ ಸೀರಿಯಲ್ ನೋಡುವವರಿಗೆ ಏನೂ ಗೊತ್ತಾಗದು, ಸ್ಟ್ರೀಟ್ ಫೈಟರ್‌ನಲ್ಲಿ ಹಡೋಕೆನ್ ಎಂಬ ಬೆಂಕಿಯುಂಡೆ ಬಿಡುವವರಿಗೆ ಕೈಯೇ ಕಟ್ಟಿಹಾಕಿದಂತೆ. ಪೆಟ್ಟಿಗೆಯ ಮೇಲೆ ಬರೆದಿದ್ದನ್ನು ನಂಬಬೇಡಿ. ಪೈ ಮತ್ತು ಒಂದು ಬಟನ್ ಅಂಗಡಿಗೇ ಒಯ್ಯಿರಿ. 240 ಎಫ್‌ಪಿಎಸ್ ಸ್ಲೋಮೋಷನ್ ಇರುವ ಫೋನಿನಲ್ಲಿ ಬೆರಳೂ ಪರದೆಯೂ ಒಟ್ಟಿಗೆ ಕಾಣುವಂತೆ ಚಿತ್ರೀಕರಿಸಿ, ಒತ್ತಿದ ಕ್ಷಣದಿಂದ ಪರದೆ ಬದಲಾಗುವವರೆಗೆ ಫ್ರೇಮ್ ಎಣಿಸಿ. ಒಂದೊಂದಕ್ಕೂ ಸುಮಾರು 4 ಮಿಲಿಸೆಕೆಂಡು. ಪೈ, ಎಮ್ಯುಲೇಟರ್ (ಹಳೆಯ ಆಟಗಳನ್ನು ಅದರಲ್ಲಿ ಓಡಿಸುವ ತಂತ್ರಾಂಶ) ತಮ್ಮ ಪಾಲಿನ ವಿಳಂಬವನ್ನೂ ಸೇರಿಸಿರುತ್ತವೆ, ಆದ್ದರಿಂದ ಒಟ್ಟು ಅಂಕಿ ನೋಡದೆ ಎರಡು ಟಿವಿಗಳ ನಡುವಿನ ವ್ಯತ್ಯಾಸ ನೋಡಿ. ಗೇಮ್ ಮೋಡ್ ಆನ್ ಮಾಡಿ ಒಮ್ಮೆ, ಆಫ್ ಮಾಡಿ ಒಮ್ಮೆ. ಎರಡಕ್ಕೂ ವ್ಯತ್ಯಾಸವೇ ಇಲ್ಲದೆ ವಿಳಂಬ ಮಾತ್ರ ದೊಡ್ಡದಾಗಿದ್ದರೆ ಆ ಟಿವಿಯ ಗೇಮ್ ಮೋಡ್ ಬರೀ ಬಣ್ಣ ಬದಲಿಸುವ ಮೋಡ್.

ಡಬ್ಬಾ ಟಿವಿಯಲ್ಲಿ ಈ ತಾಪತ್ರಯವಿಲ್ಲ. ಆಟಗಳನ್ನು ರಚಿಸಿದ್ದೂ ಅಂಥ ಪರದೆಗೇ, ಚಿತ್ರ ಅದರಲ್ಲಿ ಕಾಣುವಷ್ಟು ಚೆಂದ ಬೇರೆಲ್ಲೂ ಕಾಣದು. ಆದರೆ ನಮ್ಮ ಹಳೆಯ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಹಳದಿ ಪಿನ್ನಿನ ಕಾಂಪೊಸಿಟ್ ಇನ್‌ಪುಟ್ ಮಾತ್ರ, ಬಣ್ಣ ಸ್ವಲ್ಪ ಹರಡುತ್ತದೆ. ಪೈ 4ರಲ್ಲಿ ಕಾಂಪೊಸಿಟ್ ಔಟ್‌ಪುಟ್ ಆಫ್ ಆಗಿಯೇ ಬರುತ್ತದೆ, ಸೆಟ್ಟಿಂಗ್‌ನಲ್ಲಿ ಆನ್ ಮಾಡಬೇಕು. ಅಲ್ಲಿ ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್ 50 ಹರ್ಟ್ಸ್ ಇಟ್ಟರೆ ಆಟ ಕುಂಟುತ್ತದೆ, ಅಮೆರಿಕ, ಜಪಾನಿನ 60 ಹರ್ಟ್ಸ್ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲಿ 240 ಪ್ರೋಗ್ರೆಸಿವ್ ಇಡಿ. ಆಗ ಚಿತ್ರ ಕಪ್ಪು-ಬಿಳುಪಾಗಿ ಬಂದರೆ ನಿಮ್ಮ ಸೆಟ್‌ಗೆ ಎನ್‌ಟಿಎಸ್‌ಸಿ ಬಣ್ಣ ಗೊತ್ತಿಲ್ಲವೆಂದೇ ಅರ್ಥ, ಆಸೆ ಬಿಟ್ಟುಬಿಡಿ. ಕೇಬಲ್‌ನಲ್ಲೂ ಒಂದು ಪೇಚಿದೆ: ಪೈನ ಜಾಕ್‌ನಲ್ಲಿ ವಿಡಿಯೋ ಇರುವುದು ಪಿನ್ನಿನ ಬುಡದ ಭಾಗದಲ್ಲಿ, ಹಳೆಯ ಕ್ಯಾಮ್‌ಕಾರ್ಡರ್ ಕೇಬಲ್‌ಗಳಲ್ಲಿ ಆ ಜಾಗದಲ್ಲಿ ಗ್ರೌಂಡ್ ಇರುವುದುಂಟು. ಸರಿಯಾದದ್ದು ತುಮಕೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿ. ಇಷ್ಟಾದರೂ ಡಬ್ಬಾ ಟಿವಿಯ ಹಿಂದಿನ ಮುಚ್ಚಳ ಮಾತ್ರ ತೆಗೆಯಬೇಡಿ. ಜಾಗ ಉಳಿಸಲೆಂದು ಪ್ಲಾಸ್ಟಿಕ್ ಕಳಚಿ ಟ್ಯೂಬ್ ಮಾತ್ರ ಕೂರಿಸುವವರಿದ್ದಾರೆ. ಟ್ಯೂಬಿಗೆ ಹೋಗುವುದು 20 ಸಾವಿರ ವೋಲ್ಟ್‌ಗೂ ಮೀರಿದ ಕರೆಂಟು, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಇಡೀ ಸೆಟ್ಟನ್ನೇ ಗಟ್ಟಿ ಹಲಗೆಯ ಮೇಲೆ ಕೂರಿಸಿ, ಹಿಂದೆ ಗಾಳಿಯಾಡಲು ಬಿಡಿ.

ಎಲ್‌ಇಡಿ ಟಿವಿ ಕೊಳ್ಳುವಾಗ ಯಾರೂ ಪರೀಕ್ಷಿಸದ ಸಂಗತಿ ಒಂದಿದೆ. ಅಂಗಡಿಯಲ್ಲಿ ಗೋಡೆಯ ಸ್ವಿಚ್ ಆಫ್ ಮಾಡಿ ಮತ್ತೆ ಹಾಕಿಸಿ. ಟಿವಿ ತಾನಾಗಿ ಎದ್ದು, ಪೈ ಜೋಡಿಸಿದ ಎಚ್‌ಡಿಎಂಐಗೇ ಬರಬೇಕು. ಎಷ್ಟೋ ಸ್ಮಾರ್ಟ್ ಟಿವಿಗಳು ಕೆಂಪು ದೀಪ ಹಚ್ಚಿಕೊಂಡು ಸ್ಟ್ಯಾಂಡ್‌ಬೈನಲ್ಲೇ ಕೂತಿರುತ್ತವೆ, ಎದ್ದರೂ ಹೋಮ್ ಸ್ಕ್ರೀನ್‌ಗೆ ಹೋಗುತ್ತವೆ. ಬೆಸ್ಕಾಂ ಕರೆಂಟು ಹೋಗಿ ಬಂದಾಗಲೆಲ್ಲ ರಿಮೋಟ್ ಹುಡುಕುವ ಕೆಲಸ ನಿಮ್ಮದಾಗುತ್ತದೆ. ‘ಪವರ್ ಆನ್ ಮೋಡ್’ ಎಂಬ ಆಯ್ಕೆ ಮೆನುವಿನಲ್ಲಿದೆಯೇ ನೋಡಿ. ಟಿವಿ ಏಳುವಷ್ಟರಲ್ಲಿ ಪೈ ಎದ್ದು, ಪರದೆಯೇ ಇಲ್ಲವೆಂದುಕೊಂಡು ಕಪ್ಪಾಗಿ ಉಳಿಯುವುದೂ ಇದೆ. ಪೈನ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ ಹಾಟ್‌ಪ್ಲಗ್ ಫೋರ್ಸ್ ಮಾಡಿದರೆ, ಎಂದರೆ ಪರದೆ ಇದೆಯೆಂದೇ ತಿಳಿಯುವಂತೆ ಮಾಡಿದರೆ, ಸರಿಹೋಗುತ್ತದೆ.

ಬಡಗಿಯವರಿಗೆ ಅಳತೆ ಕೊಡುವ ಮೊದಲು ಟಿವಿ ಮನೆಗೆ ಬಂದಿರಲಿ. 32 ಇಂಚಿನ ಟಿವಿಯ ಹೊರಮೈ 72-73 ಸೆಂ.ಮೀ. ಇರುತ್ತದೆ, ಒಳಗೆ 74 ಇಟ್ಟು ಎರಡು ಪಕ್ಕದ ಪ್ಲೈ ಸೇರಿಸಿದರೆ 77.6 ಸೆಂ.ಮೀ. ಎರಡೂವರೆ ಅಡಿಯ ಕೋಣೆಯ ಬಾಗಿಲಲ್ಲಿ ಅದು ನೇರವಾಗಿ ತೂರದು, ಅಡ್ಡಲಾಗಿ ತಿರುಗಿಸಿ ಒಳಗೆ ತರಬೇಕು. ಕ್ಯಾಬಿನೆಟ್‌ನ ಆಳ 65 ಸೆಂ.ಮೀ. ದಾಟದಿರಲಿ. ಟಿವಿಯ ಹಿಂದೆ ಐದು ಸೆಂ.ಮೀ. ಖಾಲಿ ಬಿಡಿ. ಹಿಂಬದಿಯ ಬ್ರಾಕೆಟ್ ಸ್ಕ್ರೂ ಎಂ4 ಕೂಡ ಇರಬಹುದು, ಎಂ6 ಕೂಡ ಇರಬಹುದು. ಟಿವಿಯೊಂದಿಗೆ ಬಂದ ಕೈಪಿಡಿ ನೋಡಿಯೇ ಉದ್ದ ಆರಿಸಿ, ಉದ್ದ ಜಾಸ್ತಿಯಾದರೆ ಒಳಗಿನ ಪ್ಯಾನೆಲ್‌ಗೇ ಚುಚ್ಚುತ್ತದೆ. ಮುಂದಿನ ಕಪ್ಪು ಚೌಕಟ್ಟು ರಿಮೋಟ್ ಸೆನ್ಸರನ್ನು ಮುಚ್ಚದಂತೆ ಆ ಜಾಗದಲ್ಲಿ 8 ಎಂಎಂ ತೂತು ಕೊರೆಸಿ. ಅದು ಸಾಮಾನ್ಯವಾಗಿ ಫ್ರೇಮಿನ ಕೆಳಗಡೆ ಇರುತ್ತದೆ.